ಮಗನ ಊರನ್ನು ನೋಡಲು ಬಂದವರು

ಹುಬ್ಬಳ್ಳಿಯಿಂದ ತಡಸದ ಮಾರ್ಗವಾಗಿ ನೈರುತ್ಯಕ್ಕೆ ಹೊರಟವನಿಗೆ, ಹತ್ತಿ ಜೋಳಗಳ ವಿಸ್ತಾರವಾದ ಬಯಲು ಹಿಂದೆ ಸರಿದು, ಬತ್ತದ ಗದ್ದೆ, ಕೆರೆ, ಕೆರೆಯ ಅಂಚಿಗೆ ಸಾಗುವಾನಿಯ ಕಾಡು ಇವೆಲ್ಲ ಒಂದೊಂದಾಗಿ ಎದುರಾಗತೊಡಗಿ, ಮಲೆನಾಡು ಇನ್ನೇನು ಬಂದೇ ಬಂದಿತು ಎನ್ನುವ ಹೊತ್ತಿಗೆ, ಎರಡು ಜಿಂಕೆಗಳ ನಡುವೆ ಧರ್ಮಚಕ್ರವನ್ನು ಹೊತ್ತ ಹೊಂಬಣ್ಣದ ಮಾಡುಗಳು ಗೋವಿನಜೋಳದ ಹೊಲಗಳಾಚೆ ಕಾಣಿಸಿಕೊಳ್ಳುತ್ತವೆ. ಮುಂಡಗೋಡಿನವರಾದ ನಮಗೆ ಅದು ನಿತ್ಯದ ನೋಟ. ಕೆಂಪು ಉಡುಗೆಯ ಭಿಕ್ಷುಗಳು ಸಂತೆಯಲ್ಲಿ ಬದನೆಕಾಯಿಯ ಧಾರಣೆ ಕೇಳುವುದು, ಅವರ ಟ್ರ್ಯಾಕ್ಟರಿಗೆ ನಮ್ಮವರು ದಾರಿ ಬಿಡುವುದು, ಇವು ಯಾವುವೂ ಈಗ ಯಾರ ಗಮನವನ್ನೂ ಸೆಳೆಯುವುದಿಲ್ಲ.

ಆದರೆ ಟಿಬೆಟಿನವರ ಈ ವಸತಿ ಎಷ್ಟು ದೂರದಿಂದ, ಎಷ್ಟು ಕಷ್ಟದಿಂದ ಬಂದು ನೆಲೆಗೊಂಡದ್ದೆಂಬುದನ್ನು ಒಮ್ಮೆಯಾದರೂ ನೆನೆಯುವುದು ಯೋಗ್ಯ. 1959ರಲ್ಲಿ ದಲೈಲಾಮಾ ಲಾಸಾವನ್ನು ತೊರೆದು ಭಾರತಕ್ಕೆ ಬಂದಾಗ ಅವರ ಹಿಂದೆಯೇ ಸಹಸ್ರಾರು ಜನ ಹಿಮಾಲಯವನ್ನು ದಾಟಿ ಬಂದರು. ಅವರಲ್ಲಿ ಗೃಹಸ್ಥರು ಹಿಮಾಚಲ, ಸಿಕ್ಕಿಂಗಳ ಬೆಟ್ಟಗಳಲ್ಲಿ ರಸ್ತೆಗೆ ಕಲ್ಲು ಒಡೆಯುವ ಕೂಲಿಗೆ ನಿಂತರೆ, ವಿದ್ವಾಂಸರಾದ ಭಿಕ್ಷುಗಳನ್ನು ಬಂಗಾಳ ಮತ್ತು ಭೂತಾನದ ಗಡಿಯಲ್ಲಿದ್ದ ಬಕ್ಸಾ ದುರ್ಗದಲ್ಲಿ ಇರಿಸಲಾಯಿತು. ಬ್ರಿಟಿಷರು ಸ್ವಾತಂತ್ರ್ಯ ಯೋಧರನ್ನು ಬಂಧಿಸಿಡುತ್ತಿದ್ದ ಆ ಸೆರೆಮನೆಯ ತೇವದಲ್ಲಿ ಒಂದು ದಶಕ ಕಾಲ ಶಾಸ್ತ್ರಾಧ್ಯಯನವನ್ನು ಬಿಡದೆ ನಡೆಸಿದವರಲ್ಲಿ ಅನೇಕರು ಕ್ಷಯರೋಗಕ್ಕೆ ತುತ್ತಾದರು. ಮೈಸೂರು ಸರ್ಕಾರವು ಮೊದಲು ಬೈಲುಕುಪ್ಪೆಯಲ್ಲಿಯೂ, ಬಳಿಕ 1966ರಲ್ಲಿ ನಮ್ಮ ಮುಂಡಗೋಡಿನಲ್ಲಿಯೂ ಈ ನಿರಾಶ್ರಿತರಿಗೆ ಭೂಮಿಯನ್ನು ಕೊಟ್ಟಿತು. 1969ರ ಸುಮಾರಿಗೆ ಬಕ್ಸಾದ ಭಿಕ್ಷುಗಳಲ್ಲಿ ಸೆರಾ ಮಠದವರು ಬೈಲುಕುಪ್ಪೆಗೂ, ಗಾದೆನ್ ಮತ್ತು ಡ್ರೆಪುಂಗ್ ಮಠಗಳವರು ಇಲ್ಲಿಗೂ ಬಂದರು. ಬಂದವರು ಕೆಲವು ನೂರು ಮಂದಿ. ಗುಡಾರ ಹಾಕಿಕೊಂಡು, ಪೊದೆ ಕಡಿದು, ಹಗಲು ನೇಗಿಲು ಹಿಡಿದು, ಸಂಜೆ ತರ್ಕಕ್ಕೆ ಕುಳಿತರು.

ಆ ಮೊದಲ ತಲೆಮಾರಿನವರಿಗೆ ತಂದೆತಾಯಿಗಳನ್ನು ಕರೆಸಿ ಊರು ತೋರಿಸುವ ಮಾತೇ ಇರಲಿಲ್ಲ. ಹಡೆದವರು ಒಂದೋ ಜೊತೆಯಲ್ಲಿಯೇ ಬಂದಿದ್ದರು, ಇಲ್ಲವೇ ಪತ್ರವೂ ತಲಪದ ಆಚೆಯ ನಾಡಿನಲ್ಲಿ ಉಳಿದಿದ್ದರು. 1980ರ ದಶಕದಿಂದ ಈಚೆಗೆ ಎಳೆಯ ಹುಡುಗರು ಕಣಿವೆಗಳನ್ನು ದಾಟಿ, ನೇಪಾಳದ ಮೂಲಕ, ಮಠದಲ್ಲಿ ಓದಬೇಕೆಂಬ ಒಂದೇ ಆಸೆಯಿಂದ ಇಲ್ಲಿಗೆ ಬರತೊಡಗಿದರು. ಹಾಗೆ ಬಂದವರ ತಂದೆತಾಯಿಗಳಲ್ಲಿ ಕೆಲವರಿಗೆ, ಹತ್ತು ಹದಿನೈದು ವರ್ಷಗಳ ತರುವಾಯ, ಬೋಧಗಯೆಯ ಯಾತ್ರೆಯೊಡನೆ ಮಗನನ್ನೂ ನೋಡಿಹೋಗುವ ಅವಕಾಶ ಒದಗಿತು. ಪರದೇಶದಲ್ಲಿ ನೆಲೆಸಿದ ಮಗನ ಮನೆಗೆ ಹೆತ್ತವರು ಬರುವುದೆಂದರೆ ನಮ್ಮ ಕಣ್ಣಿಗೆ ಕಟ್ಟುವುದು ಸಾಮಾನ್ಯವಾಗಿ ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾಗಳ ವಿಮಾನ ನಿಲ್ದಾಣ. ನಮ್ಮ ಮುಂಡಗೋಡೂ ಅಂಥದೊಂದು ಪರದೇಶವೆಂಬುದನ್ನು ನಾವು ಯೋಚಿಸುವುದು ಅಪರೂಪ.

ಅಮೆರಿಕದಲ್ಲಿರುವ ಮಕ್ಕಳು ಶಿರಸಿ, ಧಾರವಾಡಗಳಿಂದ ಬಂದ ತಂದೆತಾಯಿಗಳನ್ನು ಮೊದಲು ನಯಾಗರಕ್ಕೆ ಕರೆದೊಯ್ಯುತ್ತಾರೆ. ಅವರಾದರೋ ನೋಡುತ್ತಾರೆ, ಸಂತೋಷಪಡುತ್ತಾರೆ, ಪಟವನ್ನೂ ತೆಗೆಸಿಕೊಳ್ಳುತ್ತಾರೆ. ಆದರೆ ಊರಿಗೆ ಮರಳಿದ ಮೇಲೆ ಅವರು ಹೇಳುವ ಕಥೆಗಳಲ್ಲಿ ಜಲಪಾತಕ್ಕೆ ಸಿಗುವುದು ಒಂದು ವಾಕ್ಯ ಮಾತ್ರ. ಮಗಳ ಅಡುಗೆಮನೆಯಲ್ಲಿ ನೀರು ಯಾವ ನಲ್ಲಿಯಲ್ಲಿ ಬರುತ್ತದೆ, ತೊಗರಿಬೇಳೆ ಎಲ್ಲಿ ಸಿಗುತ್ತದೆ, ಎದುರು ಮನೆಯವರು ಮಾತನಾಡಿಸುತ್ತಾರೋ ಇಲ್ಲವೋ, ಮೊಮ್ಮಗುವಿಗೆ ಜ್ವರ ಬಂದ ರಾತ್ರಿ ಯಾರು ಬಂದರು, ಇಂಥ ಸಂಗತಿಗಳನ್ನು ಮಾತ್ರ ಅವರು ಗಂಟೆಗಟ್ಟಲೆ ಹೇಳಬಲ್ಲರು. ಹೆತ್ತವರು ನೋಡಲು ಬರುವುದು ದೇಶವನ್ನಲ್ಲ. ಆ ದೇಶ ತಮ್ಮ ಮಗುವನ್ನು ಹೇಗೆ ಇಟ್ಟುಕೊಂಡಿದೆ ಎಂಬುದನ್ನು. ನನ್ನ ಈ ನಂಬಿಕೆ ದೃಢವಾದದ್ದು ಡ್ರೆಪುಂಗ್ ಮಠದ ಒಬ್ಬ ಭಿಕ್ಷುವಿನ ತಂದೆತಾಯಿಗಳೊಡನೆ ಕಳೆದ ದಿನಗಳಲ್ಲಿ.

ಆತ ಮಠಕ್ಕೆ ಬೇಕಾದ ದವಸಧಾನ್ಯಗಳ ಖರೀದಿಗೆಂದು ಪೇಟೆಗೆ ಬರುತ್ತಿದ್ದವನು. ಕನ್ನಡವನ್ನು ಅಂಗಡಿಗಳ ಕಟ್ಟೆಯ ಮೇಲೆಯೇ ಕಲಿತವನು. ಟಿಬೆಟಿನ ಖಾಮ್ ಪ್ರಾಂತದಲ್ಲಿ ಚಮರೀಮೃಗಗಳನ್ನು ಮೇಯಿಸುವ ಕುಟುಂಬದಿಂದ ಬಾಲಕನಾಗಿ ಹೊರಟುಬಂದಿದ್ದ ಅವನನ್ನು ನೋಡಲು ಹೆತ್ತವರು ಚಳಿಗಾಲದಲ್ಲಿ ಬಂದರು. ನೇಪಾಳವನ್ನು ಹಾದು, ಬೋಧಗಯೆಯ ದರ್ಶನ ಮುಗಿಸಿ, ರೈಲಿನಲ್ಲಿ ಹುಬ್ಬಳ್ಳಿಗೆ ಬಂದಿಳಿದ ಆ ವೃದ್ಧರಿಗೆ ನಮ್ಮ ಪುಷ್ಯ ಮಾಸದ ಚಳಿಯೂ ಸೆಕೆಯಾಗಿ ತೋರಿತು. ಲಾಸಾ ನಗರವೇ ಸಮುದ್ರಮಟ್ಟದಿಂದ ಸುಮಾರು 3,650 ಮೀಟರ್ ಎತ್ತರದಲ್ಲಿದೆ, ಅವರ ಹುಲ್ಲುಗಾವಲು ಅದಕ್ಕಿಂತಲೂ ಮೇಲೆ. ಮುಂಡಗೋಡಿನ ಎತ್ತರ ಆರುನೂರು ಮೀಟರನ್ನೂ ಮುಟ್ಟದು. ಇಲ್ಲಿಯ ಗಾಳಿ ದಪ್ಪವಾಗಿದೆಯೆಂದು ತಂದೆ ಹೇಳಿದ್ದನ್ನು ಮಗ ನಮಗೆ ಅನುವಾದಿಸಿದ.

ತಾಯಿ ಮೊದಲು ನೋಡಬಯಸಿದ್ದು ಮಹಾಮಂದಿರವನ್ನಲ್ಲ, ಮಗನ ಕೋಣೆಯನ್ನು. ಬಾಗಿಲಲ್ಲಿ ನಿಂತು ಬುದ್ಧನ ಪಟಕ್ಕೆ ಕೈಮುಗಿದವಳು, ಒಳಗೆ ಬಂದು ಹಾಸಿಗೆಯನ್ನು ಅಂಗೈಯಿಂದ ಒತ್ತಿ ನೋಡಿದಳು. ಗೋಡೆಯ ಕೆಳಭಾಗವನ್ನು ಮುಟ್ಟಿ, ಬೆರಳುಗಳನ್ನು ಉಜ್ಜಿ, ಮಳೆಗಾಲದಲ್ಲಿ ಇದು ಒದ್ದೆಯಾಗುವುದೇ ಎಂದು ಕೇಳಿದಳು. ಸೊಳ್ಳೆಪರದೆಯನ್ನು ಎತ್ತಿ, ಅದು ಏನೆಂದು ತಿಳಿಯದೆ, ತಿಳಿದ ಮೇಲೆ ಅದರಲ್ಲಿ ಎಲ್ಲಾದರೂ ತೂತಿದೆಯೋ ಎಂದು ದೀಪದ ಬೆಳಕಿಗೆ ಹಿಡಿದು ಪರೀಕ್ಷಿಸಿದಳು. ತಾನು ತಂದಿದ್ದ ಜವೆಗೋಧಿಯ ಹುರಿಹಿಟ್ಟಿನ ಚರ್ಮದ ಚೀಲವನ್ನು ಕಪಾಟಿನಲ್ಲಿರಿಸಿ, ಇರುವೆ ಬರುವುದೆಂದು ಮಗ ಹೇಳಿದ ಕೂಡಲೇ ಮತ್ತೆ ತೆಗೆದು ಮೊಳೆಗೆ ನೇತುಹಾಕಿದಳು. ಇಷ್ಟಾದ ಮೇಲೆಯೇ ಅವಳು ಕುಳಿತದ್ದು. ಅಷ್ಟು ಹೊತ್ತೂ ಮಗ, ಮಠದಲ್ಲಿ ಕಿರಿಯರಿಗೆ ಪಾಠ ಹೇಳುವ ಮೂವತ್ತು ದಾಟಿದ ವಿದ್ವಾಂಸ, ಗೋಡೆಗೆ ಒರಗಿ ಸುಮ್ಮನೆ ನಿಂತಿದ್ದ.

ತಂದೆಯ ಕುತೂಹಲ ಬೇರೆ ಬಗೆಯದು. ಅವನು ತನ್ನ ಯೌವನದಲ್ಲಿ ಲಾಸಾ ಯಾತ್ರೆಗೆ ಹೋದಾಗ, ನಗರದ ಪಶ್ಚಿಮಕ್ಕೆ ಬೆಟ್ಟದ ಇಳಿಜಾರಿನಲ್ಲಿ ಬಿಳಿಯ ಕಟ್ಟಡಗಳ ಸಾಲಾಗಿ ಹಬ್ಬಿದ್ದ ಮೂಲ ಡ್ರೆಪುಂಗನ್ನು ಕಂಡಿದ್ದನು. 1416ರಲ್ಲಿ ಸ್ಥಾಪಿತವಾಗಿ, ಒಂದು ಕಾಲಕ್ಕೆ ಜಗತ್ತಿನ ಅತ್ಯಂತ ದೊಡ್ಡ ಬೌದ್ಧ ವಿಹಾರವೆಂದು ಖ್ಯಾತವಾಗಿದ್ದ ಸಂಸ್ಥೆ ಅದು. ಅದಕ್ಕಿಂತ ಏಳು ವರ್ಷ ಮೊದಲು, 1409ರಲ್ಲಿ, ಆಚಾರ್ಯ ತ್ಸೋಂಗ್‌ಖಾಪಾ ಸ್ವತಃ ಸ್ಥಾಪಿಸಿದ ಗಾದೆನ್ ಮಠವಂತೂ ಸಾಂಸ್ಕೃತಿಕ ಕ್ರಾಂತಿಯ ವರ್ಷಗಳಲ್ಲಿ ಬಹುಮಟ್ಟಿಗೆ ನೆಲಸಮವಾಗಿ, ತರುವಾಯ ಭಾಗಶಃ ಪುನರ್ನಿರ್ಮಾಣಗೊಂಡಿತು. ಆ ಕ್ರಾಂತಿ ಆರಂಭವಾದದ್ದು 1966ರಲ್ಲಿ. ಮುಂಡಗೋಡಿನ ವಸತಿಗೆ ಮೊದಲ ಗುಂಪು ಬಂದಿಳಿದದ್ದೂ ಅದೇ ವರ್ಷ. ಅಲ್ಲಿ ಗೋಡೆಗಳು ಉರುಳುವುದಕ್ಕೂ ಇಲ್ಲಿ ಪೊದೆ ಕಡಿಯುವುದಕ್ಕೂ ಕಾಲವೊಂದೇ ಆಗಿದ್ದುದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಹೊಸ ಡ್ರೆಪುಂಗಿನ ಪ್ರಾಂಗಣಕ್ಕೆ ಕಾಲಿಟ್ಟ ತಂದೆ ಕಂಬಗಳನ್ನು ಒಂದೊಂದಾಗಿ ಮುಟ್ಟುತ್ತ ನಡೆದನು. ಬೆಟ್ಟವಿಲ್ಲದಿರುವುದೊಂದು ಅವನಿಗೆ ಕೊರತೆಯಾಗಿ ಕಂಡಿತು. ಆದರೆ ಸಂಜೆ ತರ್ಕಸಭೆ ಆರಂಭವಾದಾಗ ಆ ಕೊರತೆಯೂ ಮರೆತುಹೋದಂತಾಯಿತು.

ತರ್ಕಸಭೆಯನ್ನು ಕಾಣದವರಿಗೆ ಎರಡು ಮಾತು ಹೇಳಬೇಕು. ಉತ್ತರಿಸುವವನು ನೆಲದ ಮೇಲೆ ಕುಳಿತಿರುತ್ತಾನೆ, ಪ್ರಶ್ನಿಸುವವನು ನಿಂತಿರುತ್ತಾನೆ. ಪ್ರಶ್ನೆಯನ್ನು ಮುಂದಿಡುವಾಗ ಎಡಗಾಲನ್ನು ಎತ್ತಿ ನೆಲಕ್ಕೆ ಅಪ್ಪಳಿಸಿ, ಬಲಗೈಯಿಂದ ಎಡಗೈಯನ್ನು ಚಟ್ಟನೆ ಬಾರಿಸುತ್ತಾನೆ. ನೂರಾರು ಜೋಡಿಗಳು ಏಕಕಾಲದಲ್ಲಿ ಹೀಗೆ ವಾದಿಸುವಾಗ ಹುಟ್ಟುವ ಸದ್ದು ಹೆಂಚಿನ ಮೇಲೆ ಬೀಳುವ ಜೋರು ಮಳೆಯಂತಿರುತ್ತದೆ. ದಿಙ್ನಾಗ, ಧರ್ಮಕೀರ್ತಿಗಳ ಪ್ರಮಾಣಶಾಸ್ತ್ರ, ನಾಗಾರ್ಜುನ, ಚಂದ್ರಕೀರ್ತಿಗಳ ಮಾಧ್ಯಮಕ, ಹೀಗೆ ಈ ನೆಲದಲ್ಲಿಯೇ ಹುಟ್ಟಿ ನಾವು ಮರೆತ ಶಾಸ್ತ್ರಗಳನ್ನು ಇವರು ಹದಿನೈದು ಇಪ್ಪತ್ತು ವರ್ಷ ಅಧ್ಯಯನ ಮಾಡಿ ಗೆಶೆ ಪದವಿಯನ್ನು ಪಡೆಯುತ್ತಾರೆ. ಆ ಸಂಜೆ ನಮ್ಮ ಭಿಕ್ಷು ಪ್ರಶ್ನಿಸುವ ಸರದಿಯಲ್ಲಿದ್ದನು. ಓದುಬರಹ ಬಾರದ ತಂದೆಗೆ ವಾದದ ಒಂದಕ್ಷರವೂ ತಿಳಿಯಲಿಲ್ಲವಾದರೂ, ಎದುರಾಳಿ ತಡವರಿಸಿ ನಿಂತದ್ದು ತಿಳಿಯಿತು. ಆಗ ಅವನ ಮುಖದಲ್ಲಿ ಮೂಡಿದ ತೃಪ್ತಿಯನ್ನು, ಕುಸ್ತಿ ಗೆದ್ದ ಮಗನ ಕಡೆ ನೋಡುವ ಹಳಿಯಾಳದ ಪೈಲವಾನರ ತಂದೆಯರಲ್ಲಿಯೂ ನಾನು ಕಂಡಿದ್ದೇನೆ.

ಮರುದಿನಗಳಲ್ಲಿ ಮಗ ತೋರಿಸಿದ್ದೆಲ್ಲ ಪ್ರವಾಸೋದ್ಯಮದ ಯಾವ ಕೈಪಿಡಿಯಲ್ಲಿಯೂ ಇರದ ಸ್ಥಳಗಳು. ಬಂದ ಹೊಸತರಲ್ಲಿ ಜ್ವರದಿಂದ ಮಲಗಿದ್ದ ಆಸ್ಪತ್ರೆಯ ಮಂಚ. ಅಲ್ಲಿ ಅವನಿಗೆ ಗಂಜಿ ಕುಡಿಸಿದ್ದ, ಈಗ ನಿವೃತ್ತಳಾದ ದಾದಿಯ ಮನೆ. ಮಠಕ್ಕೆ ಕಡ ಕೊಟ್ಟು, ಹಣಕ್ಕಾಗಿ ಎಂದೂ ಅವಸರಿಸದ ಬಂಕಾಪುರ ರಸ್ತೆಯ ಅಕ್ಕಿಯ ವ್ಯಾಪಾರಿಯ ಅಂಗಡಿ. ಬಾಚಣಕಿ ಜಲಾಶಯದ ಏರಿ. ದಾದಿಯ ಮುಂದೆ ತಾಯಿ ಬಿಳಿಯ ರೇಷ್ಮೆಯ ಖತಾ ವಸ್ತ್ರವನ್ನು ಎರಡೂ ಕೈಗಳಲ್ಲಿ ಹಿಡಿದು ಬಾಗಿದಾಗ, ಆಕೆ ಗಾಬರಿಯಾಗಿ ಹಿಂದೆ ಸರಿದು, ಬಳಿಕ ತಾನೂ ಬಾಗಿ, ಒಳಗೆ ಹೋಗಿ ಅರಿಶಿನ ಕುಂಕುಮ ತಂದಳು. ಟಿಬೆಟಿನ ಆ ತಾಯಿ ಹಣೆಯ ಮೇಲೆ ಕುಂಕುಮವಿಟ್ಟುಕೊಂಡೇ ಮಠಕ್ಕೆ ಮರಳಿದಳು.

ಕಾಡನ್ನು ನೋಡಬೇಕೆಂಬ ಆಸೆ ತಂದೆಯದು. ಮರವೆಂಬುದು ಅಪರೂಪವಾದ ಹುಲ್ಲುಗಾವಲಿನಿಂದ ಬಂದವನಿಗೆ ಕಾಳೀ ನದಿಯ ಕಾಡನ್ನು ತೋರಿಸಲು ಮಗನಿಗೂ ಉತ್ಸಾಹ. ದಾರಿ ಬಲ್ಲವನೆಂದು ನನ್ನನ್ನು ಕರೆದನು. ಕಲಘಟಗಿಯ ಮಾರ್ಗವಾಗಿ ಹಳಿಯಾಳಕ್ಕೆ ಹೋದೆವು. ಹಳಿಯಾಳದ ಕಾಡಂಚಿನ ಒಂದು ಗೌಳಿವಾಡದ ಬಳಿ, ಎಮ್ಮೆಗಳನ್ನು ಕಂಡೊಡನೆಯೇ ತಾಯಿ ವಾಹನವನ್ನು ನಿಲ್ಲಿಸಲು ಹೇಳಿದಳು. ಮಹಾರಾಷ್ಟ್ರದ ಕಡೆಯಿಂದ ತಲೆಮಾರುಗಳ ಹಿಂದೆ ಎಮ್ಮೆಗಳೊಡನೆ ಬಂದು ಈ ಕಾಡುಗಳಲ್ಲಿ ನೆಲೆಸಿದ ಗೌಳಿಗರು ಇಂದಿಗೂ ಮನೆಯಲ್ಲಿ ಮರಾಠಿಯ ಒಂದು ರೂಪವನ್ನೇ ಆಡುವವರು. ಅಂಗಳದಲ್ಲಿ ಗೌಳಿ ಹೆಂಗಸೊಬ್ಬಳು ಮೊಸರು ಕಡೆಯುತ್ತಿದ್ದಳು. ತಾಯಿ ಅವಳ ಎದುರು ಕುಕ್ಕರಗಾಲಿನಲ್ಲಿ ಕುಳಿತು, ಕಡೆಗೋಲಿನ ಹಗ್ಗ ಸುತ್ತಿದ ರೀತಿಯನ್ನೂ, ಮಜ್ಜಿಗೆಯ ಮೇಲೆ ಬೆಣ್ಣೆ ಕಣಕಣವಾಗಿ ಕೂಡುವ ಗಳಿಗೆಯನ್ನೂ ಕಣ್ಣು ಕದಲಿಸದೆ ನೋಡಿದಳು. ಬೆಣ್ಣೆ ಇನ್ನೇನು ಬರಬೇಕೆನ್ನುವಾಗ ಗೌಳಿತಿ ಒಂದು ಚೆಂಬು ತಣ್ಣೀರು ಹುಯ್ದಳು. ತಾಯಿ ಹೌದು ಹೌದು ಎನ್ನುವಂತೆ ತಲೆಯಾಡಿಸಿದಳು. ಅವಳ ನಾಡಿನಲ್ಲಿಯೂ ಹದ ತಪ್ಪದಂತೆ ಕಾಯುವ ಕ್ಷಣ ಅದೇ ಆಗಿರಬೇಕು. ಗೌಳಿತಿ ಹಗ್ಗವನ್ನು ಅವಳ ಕೈಗಿತ್ತಳು. ನಾಲ್ಕು ಎಳೆತಗಳಲ್ಲಿ ಲಯ ಸಿಕ್ಕಿತು. ಒಬ್ಬಳದು ಖಾಮಿನ ಭಾಷೆ, ಇನ್ನೊಬ್ಬಳದು ಮರಾಠಿ. ನಡುವೆ ನಿಂತ ಭಿಕ್ಷುವಾಗಲಿ ನಾನಾಗಲಿ ಏನೊಂದನ್ನೂ ಅನುವಾದಿಸಬೇಕಾಗಲಿಲ್ಲ. ಬಂದ ಬೆಣ್ಣೆಯಲ್ಲಿ ಒಂದು ಚೂರನ್ನು ತಾಯಿ ತನ್ನ ನೆತ್ತಿಗೂ, ಇನ್ನೊಂದು ಚೂರನ್ನು ಗೌಳಿತಿಯ ನೆತ್ತಿಗೂ ಹಚ್ಚಿದಳು.

ಹಳಿಯಾಳದ ಸಂತೆಯಲ್ಲಿ ಸಿದ್ದಿ ಜನರನ್ನು ಕಂಡು ತಂದೆಗೆ ವಿಸ್ಮಯವಾಯಿತು. ಅವರು ಯಾರೆಂದು ಮಗ ವಿವರಿಸಿದನು. ಪೋರ್ಚುಗೀಸರು ಪೂರ್ವ ಆಫ್ರಿಕೆಯಿಂದ ದಾಸರನ್ನಾಗಿ ಗೋವೆಗೆ ತಂದವರು, ಒಡೆಯರ ಕೈಯಿಂದ ತಪ್ಪಿಸಿಕೊಂಡು ಘಟ್ಟವನ್ನೇರಿ ಹಳಿಯಾಳ, ಯಲ್ಲಾಪುರ, ಜೋಯಿಡಾಗಳ ಕಾಡು ಸೇರಿದರು. ಅವರಲ್ಲಿ ಹಿಂದೂಗಳೂ, ಕ್ರೈಸ್ತರೂ, ಮುಸಲ್ಮಾನರೂ ಇದ್ದಾರೆ. 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಎಲ್ಲವನ್ನೂ ಕೇಳಿದ ಮೇಲೆ ತಂದೆ ಕೇಳಿದ್ದು ಒಂದೇ ಪ್ರಶ್ನೆ: ಇವರನ್ನು ನೋಡಲು ಆ ಕಡೆಯಿಂದ ಎಂದಾದರೂ ಯಾರಾದರೂ ಬಂದರೇ? ಮಗ ನನ್ನ ಕಡೆ ನೋಡಿದನು. ಹಡಗಿನಲ್ಲಿ ಬಂದ ಆ ಮೊದಲಿಗರನ್ನು ಹುಡುಕಿಕೊಂಡು ಯಾವ ತಾಯಿ ಸಮುದ್ರ ದಾಟಿಯಾಳು? ಯಾವ ಬಂದರಿನಲ್ಲಿ ವಿಚಾರಿಸಿಯಾಳು? ಸಿದ್ದಿಗಳ ಇತಿಹಾಸವನ್ನು ನಾನು ಅನೇಕ ಕಡೆ ಓದಿದ್ದೇನೆ. ಆದರೆ ಅದರ ಅತ್ಯಂತ ದಾರುಣವಾದ ಭಾಗ ಆ ವೃದ್ಧನ ಪ್ರಶ್ನೆಯಿಂದ ಹೊಳೆದಷ್ಟು ಸ್ಪಷ್ಟವಾಗಿ ಯಾವ ಪುಸ್ತಕದಿಂದಲೂ ಹೊಳೆದಿರಲಿಲ್ಲ.

ದಾಂಡೇಲಿಯಲ್ಲಿ ಹೆಚ್ಚು ನಿಲ್ಲಲಿಲ್ಲ. 1955ರಲ್ಲಿ ಸ್ಥಾಪನೆಗೊಂಡ ಕಾಗದದ ಕಾರ್ಖಾನೆಯ ಕೊಳವೆಗಳನ್ನು ದೂರದಿಂದ ತೋರಿಸಿ, ಮಠದ ಮಕ್ಕಳು ಬರೆಯುವ ಕಾಗದ ಇಂಥಲ್ಲಿಯೇ ತಯಾರಾಗುವುದೆಂದಾಗ ತಂದೆ ಗಂಭೀರವಾಗಿ ಕೈಮುಗಿದನು. ಶಾಸ್ತ್ರವನ್ನು ಹೊರುವ ವಸ್ತುವೆಂದು ಕಾಗದವನ್ನು ಗೌರವಿಸುವ ಜನ ಅವರು. ನದಿಯ ಅಂಚಿನ ಅತ್ತಿಯ ಮರದಲ್ಲಿ ಮಂಗಟ್ಟೆ ಹಕ್ಕಿಗಳ ಜೋಡಿಯೊಂದು ಹಣ್ಣು ತಿನ್ನುತ್ತಿತ್ತು. ಗಂಡು ಹಕ್ಕಿಯು ಮೊಟ್ಟೆಗೆ ಕುಳಿತ ಹೆಣ್ಣನ್ನು ಪೊಟರೆಯೊಳಗೆ ಬಿಟ್ಟು, ಸಣ್ಣ ಸೀಳಿನ ಮೂಲಕ ತಿಂಗಳುಗಟ್ಟಲೆ ಹಣ್ಣು ಉಣಿಸುವುದೆಂದು ನಾನು ಹೇಳಿದೆ. ತಾಯಿ ಗಂಡನ ಕಡೆ ತಿರುಗಿ ಏನೋ ಅಂದಳು. ಮಗ ನಕ್ಕನೇ ಹೊರತು ಅದನ್ನು ಕನ್ನಡಕ್ಕೆ ತರಲಿಲ್ಲ.

ಸೂಪಾ ಅಣೆಕಟ್ಟಿನ ಹಿನ್ನೀರನ್ನು ಎತ್ತರದಿಂದ ನೋಡುತ್ತ ನಿಂತಾಗ ನಾನು ಹೇಳಬೇಕಾದ ಸಂಗತಿಯೊಂದಿತ್ತು. 101 ಮೀಟರ್ ಎತ್ತರದ ಆ ಕಟ್ಟೆಯ ಹಿಂದೆ, ನೀಲಿಯಾಗಿ ಹರಡಿದ ನೀರಿನ ಅಡಿಯಲ್ಲಿ, ಒಂದು ಊರಿದೆ. ತಾಲೂಕಿನ ಕೇಂದ್ರವಾಗಿದ್ದ ಸೂಪಾ ಮುಳುಗಿ ಹೋಗಿ, ಕಚೇರಿಗಳು ಜೋಯಿಡಾಕ್ಕೆ ಬಂದವು. ಒಕ್ಕಲೆದ್ದವರಲ್ಲಿ ಬಹಳ ಮಂದಿಗೆ ರಾಮನಗರದಲ್ಲಿ ಜಾಗ ಕೊಡಲಾಯಿತು. ನಾಡಿಗೆ ವಿದ್ಯುತ್ತು ಬಂದಿತು, ಅದನ್ನು ಅಲ್ಲಗಳೆಯಲಾರೆ. ಆದರೆ ಆ ಊರಿನಲ್ಲಿ ಹುಟ್ಟಿದವರು ಇಂದು ಮಕ್ಕಳನ್ನು ಕರೆತಂದು ನಮ್ಮ ಮನೆ ಇಲ್ಲಿ ಇತ್ತು ಎಂದು ತೋರಿಸಬೇಕಾದರೆ ನೀರಿನ ಕಡೆಗೆ ಬೆರಳು ಮಾಡಬೇಕು. ಪರದೇಶದಿಂದ ಬಂದವರ ದುಃಖವನ್ನು ಬಲ್ಲ ನಮ್ಮ ಜಿಲ್ಲೆ, ತನ್ನವರೇ ಮನೆ ಕಳೆದುಕೊಂಡದ್ದನ್ನು ಕುರಿತು ಮಾತನಾಡುವುದು ಬಹಳ ಕಡಿಮೆ. ಇದನ್ನು ಕೇಳಿದ ತಂದೆ ಜಪಮಾಲೆಯನ್ನು ತೆಗೆದು, ಹಿನ್ನೀರಿನ ಕಡೆ ಮುಖಮಾಡಿ, ಬಹಳ ಹೊತ್ತು ಮಂತ್ರ ಹೇಳಿದನು. ನೀರಿನಡಿಯ ಮನೆಗಳ ದೇವತೆಗಳಿಗಾಗಿ ಎಂದು ಮಗ ತಿಳಿಸಿದನು.

ಉಳವಿಗೆ ಮುಟ್ಟುವಷ್ಟರಲ್ಲಿ ಭಾರತ ಹುಣ್ಣಿಮೆಯ ಜಾತ್ರೆ ಹತ್ತಿರವಾಗಿತ್ತು. ಕಲ್ಯಾಣದ ವಿಪ್ಲವದ ತರುವಾಯ ಶರಣರ ಸಮೂಹವನ್ನು ನಡೆಸಿಕೊಂಡು ಬಂದ ಚೆನ್ನಬಸವಣ್ಣನವರು ಈ ಕಾಡಿನಲ್ಲಿ ಐಕ್ಯರಾದರೆಂಬುದು ಪರಂಪರೆಯ ನಂಬಿಕೆ. ಅವರ ಸಮಾಧಿಯ ದರ್ಶನಕ್ಕೆ ಧಾರವಾಡ, ಬೆಳಗಾವಿಗಳ ರೈತರು ಇಂದಿಗೂ ಎತ್ತಿನ ಬಂಡಿ ಕಟ್ಟಿಕೊಂಡು, ದಾರಿಯಲ್ಲಿ ರೊಟ್ಟಿ ಬುತ್ತಿ ಬಿಚ್ಚುತ್ತ, ರಾತ್ರಿ ಕಾಡಿನಲ್ಲಿಯೇ ತಂಗುತ್ತ ಬರುತ್ತಾರೆ. ಕೋಡಿಗೆ ಬಣ್ಣ ಹಚ್ಚಿ, ಕೊರಳಿಗೆ ಗೆಜ್ಜೆ ಕಟ್ಟಿದ ಎತ್ತುಗಳ ಸಾಲನ್ನು ಕಂಡಾಗ ತಂದೆಗೆ ಯಾರೂ ಏನನ್ನೂ ವಿವರಿಸಬೇಕಾಗಲಿಲ್ಲ. ಅಡ್ಡಬೀಳುತ್ತ, ಮೈಯಿಂದ ನೆಲವನ್ನು ಅಳೆಯುತ್ತ ಲಾಸಾದವರೆಗೆ ನಡೆಯುವ ಜನರ ನಾಡಿನವನು; ಗುರುವಿನ ಸ್ಥಳಕ್ಕೆ ಪ್ರಾಣಿಗಳೊಡನೆ ಹೊರಟ ಸಂಸಾರಗಳನ್ನು ಅವನು ನೋಡಿದೊಡನೆ ಗುರುತಿಸಿದನು. ಬಂಡಿಯ ನೆರಳಿನಲ್ಲಿ ಕುಳಿತಿದ್ದ ರೈತನೊಬ್ಬ ಅವರಿಗೆ ಸಜ್ಜೆರೊಟ್ಟಿ, ಶೇಂಗಾ ಚಟ್ನಿ ಕೊಟ್ಟನು. ತಂದೆ ಎತ್ತಿನ ಬಾಯಿ ತೆರೆಸಿ ಹಲ್ಲು ನೋಡಿ, ವಯಸ್ಸನ್ನು ಬೆರಳೆಣಿಸಿ ತೋರಿಸಿದನು. ಲೆಕ್ಕ ಸರಿಯಾಗಿತ್ತು. ಅಲ್ಲಿಂದ ಮುಂದೆ ಅವರಿಬ್ಬರ ಮಾತು ಎತ್ತಿನ ಸುತ್ತಲೇ ನಡೆಯಿತು.

ಅವರು ಟಿಬೆಟಿನ ಹೊಸವರ್ಷವಾದ ಲೋಸಾರ್ ಹಬ್ಬವನ್ನು ಮಗನೊಡನೆ ಆಚರಿಸಿ ಮರಳಿದರು. ಆ ದಾರಿ ಈಗ ಮುಚ್ಚಿದೆ. 2012ರ ಜನವರಿಯಲ್ಲಿ ಬೋಧಗಯೆಯಲ್ಲಿ ದಲೈಲಾಮಾ ಅವರ ಕಾಲಚಕ್ರ ದೀಕ್ಷೆಗೆ ಬಂದು ಹಿಂದಿರುಗಿದ ಸಹಸ್ರಾರು ಟಿಬೆಟಿನವರನ್ನು ಚೀನಾದ ಅಧಿಕಾರಿಗಳು ತಡೆದು ವಿಚಾರಣೆಗೆ ಒಳಪಡಿಸಿದರು. ಆ ಬಳಿಕ ಅವರ ಪಾಸ್‌ಪೋರ್ಟುಗಳನ್ನು ಹಿಂದಕ್ಕೆ ಪಡೆಯಲಾಯಿತು. 2017ರ ಕಾಲಚಕ್ರಕ್ಕೆಂದು ಬಂದಿದ್ದವರಿಗೆ ದೀಕ್ಷೆಗೆ ಮೊದಲೇ ಮರಳಬೇಕೆಂಬ ಆಜ್ಞೆ ಬಂದಿತು. ಉಳಿದದ್ದು ದೂರವಾಣಿಯ ತೆರೆಯೊಂದೇ. ವೀಚಾಟಿನಲ್ಲಿ ಭಿಕ್ಷುಗಳು ತಾಯಂದಿರಿಗೆ ಮಳೆಯನ್ನೂ, ಜೋಳದ ತೆನೆಯನ್ನೂ ತೋರಿಸುತ್ತಿದ್ದರು. ಗಡಿಯ ಘರ್ಷಣೆಯ ತರುವಾಯ, 2020ರ ಜೂನಿನಲ್ಲಿ, ನಮ್ಮ ಸರ್ಕಾರ ನಿಷೇಧಿಸಿದ ಚೀನೀ ಆ್ಯಪ್‌ಗಳಲ್ಲಿ ವೀಚಾಟೂ ಸೇರಿತು. ದೇಶದ ರಕ್ಷಣೆಗೆ ಅದು ಅವಶ್ಯಕವಾಗಿತ್ತೆಂಬುದನ್ನು ಒಪ್ಪುತ್ತಲೇ, ಆ ದಿನ ಮುಂಡಗೋಡಿನ ಎಷ್ಟೋ ಕೋಣೆಗಳಲ್ಲಿ ಏನು ನಿಂತುಹೋಯಿತೆಂಬುದನ್ನೂ ಕನ್ನಡಿಗರು ತಿಳಿದಿರಬೇಕೆಂದು ನನ್ನ ಆಗ್ರಹ. ನಮ್ಮ ಭಿಕ್ಷುವಿನ ತಂದೆ ತೀರಿಕೊಂಡ ವಾರ್ತೆ ಅವನಿಗೆ ತಿಂಗಳುಗಳಾದ ಮೇಲೆ ಇನ್ನಾರಿಂದಲೋ ತಲಪಿತು.

ಇತ್ತ ಟಿಬೆಟಿನವರ ವಸತಿಯ ಕ್ಯಾಂಪುಗಳಲ್ಲಿ ಬೇರೊಂದು ಬಗೆಯ ಪ್ರಯಾಣ ಆರಂಭವಾಗಿದೆ. ಇಲ್ಲಿಯೇ ಹುಟ್ಟಿ ಬೆಳೆದ ಗೃಹಸ್ಥರ ಮಕ್ಕಳು ಟೊರಾಂಟೊ, ನ್ಯೂಯಾರ್ಕುಗಳಿಗೆ ಹೋಗಿ ನೆಲೆಸುತ್ತಿದ್ದಾರೆ. ಬಾಲ್ಯದಲ್ಲಿ ಗುಡಾರದಲ್ಲಿದ್ದು, ಪೊದೆ ಕಡಿದ ನೆಲದಲ್ಲಿ ಜೋಳ ಬಿತ್ತಿ, ಚಳಿಗಾಲದಲ್ಲಿ ಊರೂರು ಅಲೆದು ಸ್ವೆಟರ್ ಮಾರಿ ಅವರನ್ನು ಓದಿಸಿದ ಹಿರಿಯರು ಈಗ ವಿಮಾನ ಹತ್ತುತ್ತಿದ್ದಾರೆ. ಅವರಲ್ಲಿ ನನ್ನ ಪರಿಚಯದ ರೈತರೊಬ್ಬರು ಟೊರಾಂಟೊದಲ್ಲಿರುವ ಮಗಳ ಮನೆಗೆ ಹೋಗಿ, ಮುಂಗಾರಿಗೆ ಮುನ್ನ ಹಿಂದಿರುಗಿದರು. ಮಗಳು ನಯಾಗರ ತೋರಿಸಿದಳಂತೆ. ಅವರು ಚಹಾದಂಗಡಿಯಲ್ಲಿ ಕುಳಿತು ನಮಗೆ ಹೇಳಿದ್ದು, ಅವಳು ದುಡಿಯುವ ವೃದ್ಧಾಶ್ರಮದಲ್ಲಿ ಊಟ ಹೊತ್ತಿಗೆ ಸರಿಯಾಗಿ ಸಿಗುವುದೆಂಬುದನ್ನು, ಮಹಡಿಯ ಮೇಲಿನ ಗುಜರಾತಿ ಹೆಂಗಸು ಅವಳಿಗೆ ಬೇಕೆಂದಾಗ ಒದಗುವಳೆಂಬುದನ್ನು, ಹಿಮ ಅಲ್ಲಿಯೂ ಬೀಳುವುದೆಂಬುದನ್ನು. ಇನ್ನಷ್ಟು ದಿನ ಇರಬಾರದಿತ್ತೇ ಎಂದು ಯಾರೋ ಕೇಳಿದರು. ರೋಹಿಣಿ ಮಳೆ ಸಮೀಪಿಸಿದಾಗ ಊರಿನಲ್ಲಿರದೆ ಆದೀತೇ ಎಂದು ಅಪ್ಪಟ ಬಯಲುಸೀಮೆಯ ಕನ್ನಡದಲ್ಲಿ ಉತ್ತರಿಸಿ, ಬೀಜದ ಚೀಲಕ್ಕೆ ಈ ಸಲ ಎಷ್ಟಾಗಿದೆಯೆಂದು ವಿಚಾರಿಸಿಕೊಂಡು, ಟ್ರ್ಯಾಕ್ಟರು ಬಾಡಿಗೆಗೆ ಹೇಳಿಬರಲು ಎದ್ದು ಹೊರಟರು.